ಮಂಡಕ್ಕಿಯ ಸೊನ್ನೆಗಳು

ರೇಣುಕಾ, ಆ ಲೆಕ್ಕ ಬಿಡಿಸಿದ್ದು ನಾನಲ್ಲ, ನೀನು. ಕೊಟ್ಟೂರಿನ ಕಾಲೇಜಿನಲ್ಲಿ, ಪಿಯುಸಿ ಎರಡನೇ ವರ್ಷದ ಇಡೀ ಕ್ಲಾಸಿನ ಎದುರು ಅದನ್ನು ನಾನು ನನ್ನದೆಂದು ಹೇಳಿದೆ. ಕದ್ದೆ — ಇದಕ್ಕೆ ಬೇರೆ ಮೆತ್ತನೆಯ ಹೆಸರು ಹುಡುಕುವುದಿಲ್ಲ.

ನಮ್ಮ ಗಣಿತದ ಸರ್ ರೂಢಿ ನೆನಪಿದೆಯಲ್ಲ? ವರ್ಷಕ್ಕೊಮ್ಮೆ ಪುಸ್ತಕದಲ್ಲಿಲ್ಲದ ಒಂದು ಲೆಕ್ಕ ಕೊಡುತ್ತಿದ್ದರು. ಬಿಡಿಸಿದವರ ಮನೆಗೆ ಭಾನುವಾರ ತಾವೇ ಹೋಗಿ, ಚಾಪೆಯ ಮೇಲೆ ಕುಳಿತು, ‘ಈ ಮಗೂನ್ನ ಮುಂದ ಓದಸ್ರಿ’ ಎಂದು ಹಿರಿಯರಿಂದ ಮಾತು ತೆಗೆದುಕೊಂಡೇ ಏಳುತ್ತಿದ್ದರು. ಅವರಿಗೆ ಇಲ್ಲವೆಂದ ಮನೆ ನಾವು ಕೇಳಿರಲಿಲ್ಲ. ನನ್ನನ್ನು ನಮ್ಮ ಮನೆಯಲ್ಲಿ ಹೇಗೂ ಓದಿಸುವವರಿದ್ದರು. ನಿಮ್ಮ ಹೊಸಹಳ್ಳಿಯ ಮನೆಯಲ್ಲಿ, ಪರೀಕ್ಷೆ ಮುಗಿದ ಕೂಡಲೇ ನಿನ್ನನ್ನು ಹಡಗಲಿಯ ಸೋದರಮಾವನಿಗೆ ಕೊಡುವ ಮಾತು ನಡೆದಿತ್ತು. ಆ ಭಾನುವಾರ ಬೇಕಿದ್ದುದು ನಿನಗೆ. ನನಗದು ಗೊತ್ತಿತ್ತು — ಚೆನ್ನಾಗಿ ಗೊತ್ತಿತ್ತು.

ಆ ವರ್ಷದ ಲೆಕ್ಕ! ಬರೆಯುವಾಗ ಈಗಲೂ ಕೈ ಕುಣಿಯುತ್ತದೆ.

‘ಎಫ್ ಅನ್ನೋ ಫಂಕ್ಷನ್ನಿಗೆ ಯಾವ ಸಂಖ್ಯೆ ಕೊಟ್ರೂ ಅದರಾಗ ಎಷ್ಟು ಅಂಕಿ ಅದಾವ ಅಂತ ಹೇಳ್ತೈತಿ,’ ಎಂದರು ಸರ್. ‘ನೂರು ಎರಡುಗಳನ್ನ ಗುಣಸ್ರಿ. ನೂರು ಐದುಗಳನ್ನ ಗುಣಸ್ರಿ. ಎರಡೂ ಉತ್ತರದ ಎಫ್ ಕೂಡಿಸಿದ್ರ ಎಷ್ಟು? ಕುಂತು ಎಣಿಸಿದವರಿಗೆ ಸೊನ್ನಿ ಮಾರ್ಕು!’

ನಾನು ಎರಡನ್ನು ಎರಡರಿಂದ ಗುಣಿಸುತ್ತಾ ಹಾಳೆ ತುಂಬಿಸಿದೆ, ದಡ್ಡಿ. ನೀನು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಮಂಡಕ್ಕಿ ಪೊಟ್ಟಣ ಬಿಚ್ಚಿದೆ. ಒಂದಕ್ಕೆ ಮೆಣಸಿನಕಾಯಿ ಇಟ್ಟೆ, ಅದರ ಮುಂದೆ ಸೊನ್ನೆಗಳಿಗೆ ಮಂಡಕ್ಕಿ ಸಾಲಾಗಿ ಜೋಡಿಸಿದೆ.

‘ಲೇ ಸುಮಿ, ಎರಡೈದ್ಲಿ ಹತ್ತು. ಆ ಎರಡೂ ಉತ್ತರಾನ ಒಂದಕ್ಕೊಂದು ಗುಣಿಸಿದ್ರ? ಒಂದರ ಮುಂದ ನೂರು ಸೊನ್ನಿ!’

ಆಮೇಲೆ ನಿನ್ನನ್ನು ಹಿಡಿಯುವವರೇ ಇರಲಿಲ್ಲ. ಮೂರಂಕಿಯ ಸಂಖ್ಯೆ ಯಾವುದೇ ಇರಲಿ, ಎರಡು ಸೊನ್ನೆಯ ನೂರಕ್ಕಿಂತ ಕೆಳಗಿಲ್ಲ, ಮೂರು ಸೊನ್ನೆಯ ಸಾವಿರವನ್ನು ಮುಟ್ಟುವುದಿಲ್ಲ. ನಮ್ಮ ಎರಡು ಸಂಖ್ಯೆಗಳನ್ನೂ ನೀನು ಹೀಗೆಯೇ ನಡುವೆ ಸಿಕ್ಕಿಸಿ ಗುಣಿಸಿದೆ. ಆಗ ಆ ನೂರು ಸೊನ್ನೆ ಒಟ್ಟು ಅಂಕಿಗಳಿಗಿಂತ ಕಡಿಮೆ, ಒಟ್ಟು ಅಂಕಿಗಳಲ್ಲಿ ಸಂಖ್ಯೆಗೊಂದರಂತೆ ಎರಡು ಕಳೆದರೆ ಬರುವುದಕ್ಕಿಂತ ಹೆಚ್ಚು. ನಡುವೆ ಇರುವುದು ಒಂದೇ ಜಾಗ — ಹಾಗಾದರೆ ಒಟ್ಟು ಅಂಕಿ...

‘ನೂರೊಂದು!’ ಇಬ್ಬರೂ ಕೂಗಿದೆವು. ಕಂಡಕ್ಟರ್ ತಿರುಗಿ ನೋಡಿದ. ಚಿಕ್ಕದರಲ್ಲಿ ತಾಳೆ ನೋಡಿದೆವು: ಮೂರು ಎರಡುಗಳನ್ನು ಗುಣಿಸಿದರೆ ಎಂಟು, ಮೂರು ಐದುಗಳನ್ನು ಗುಣಿಸಿದರೆ ನೂರಿಪ್ಪತ್ತೈದು, ಅಂಕಿ ಒಟ್ಟು ನಾಲ್ಕು. ಸರಿ! ನೀನು ಸಾಕ್ಷಿಯನ್ನೆಲ್ಲ ಬಾಯಿಗೆ ಹಾಕಿಕೊಂಡು ನಗುತ್ತಾ ಬಸ್ಸು ಹತ್ತಿದೆ.

ಮರುದಿನ ನಿನ್ನ ಬಸ್ಸು ತಡವಾಯಿತು. ‘ಯಾರಿಗರೆ ಹೊಳೀತೇನು?’ ಎಂದರು ಸರ್. ನಾನು ಕಾಯಬೇಕಿತ್ತು. ಕೂರಲಾಗಲಿಲ್ಲ — ಉತ್ತರ ನಾಲಿಗೆ ತುದಿಯಲ್ಲಿತ್ತು, ಮೈಯೆಲ್ಲ ಖುಷಿ. ಎದ್ದು ಹೋಗಿ ಬೋರ್ಡಿನ ತುಂಬ ಸೊನ್ನೆ ಬರೆದೆ. ಕೊನೆಯ ಸಾಲಿಗೆ ಬಂದಾಗ ನೀನು ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಿದ್ದೆ. ಬೋರ್ಡ್ ನೋಡಿ ನಿನ್ನ ಮುಖ ಅರಳಿತು.

‘ನಿನಗ ಹೊಳದಿದ್ದೇನವಾ ಇದು?’ ಸರ್ ಕೇಳಿದರು.

‘ಹೌದ್ರಿ ಸರ್.’

ಬೋರ್ಡಿನವರೆಗೆ ನನ್ನನ್ನು ಎಳೆದುಕೊಂಡು ಹೋದದ್ದು ಖುಷಿ, ಒಪ್ಪುತ್ತೇನೆ. ಈ ಮಾತು ಆಡಿದ್ದು ಖುಷಿಯಲ್ಲ, ನಾನು. ನೀನು ಬಾಗಿಲಲ್ಲಿದ್ದೀಯೆಂದು ನೋಡಿಯೇ ಆಡಿದೆ.

ಭಾನುವಾರ ಸರ್ ನಮ್ಮ ಮನೆಗೆ ಬಂದರು. ‘ಓದಸ್ತೀವಿ ಬಿಡ್ರಿ ಸರ್, ಅದನ್ನ ಹೇಳಾಕ ಇಲ್ಲೀತನ ಬಂದ್ರೇನು?’ ಎಂದು ಅಪ್ಪ ನಕ್ಕರು. ಆ ಬೇಸಿಗೆಯಲ್ಲಿ ನಿನ್ನ ಮದುವೆ. ನಾನು ಬಂದಿದ್ದೆ, ಹೋಳಿಗೆ ಉಂಡಿದ್ದೆ.

ಈಗ ಅದೇ ಕಾಲೇಜಿನಲ್ಲಿ ನಾನೇ ಗಣಿತ ಹೇಳುತ್ತೇನೆ. ಮೊನ್ನೆ ಅದೇ ಲೆಕ್ಕ ಕೊಟ್ಟೆ. ಹಾಸ್ಟೆಲಿನ ಹುಡುಗಿಯೊಬ್ಬಳು, ಈ ವರ್ಷ ಸೇರಿದವಳು, ಕೈ ಎತ್ತುವುದನ್ನೂ ಮರೆತು ಎದ್ದು ಬೋರ್ಡಿಗೆ ಓಡಿಬಂದಳು.

‘ಒಂದಕ್ಕ ಮೆಣಸಿನಕಾಯಿ ಅಂತ ತಿಳ್ಕೊಳ್ರಿ ಮೇಡಂ, ಸೊನ್ನಿಗೆ ಮಂಡಕ್ಕಿ...’

ಅದೇ ಅವಸರ, ಅದೇ ಕಣ್ಣು! ನೂರೊಂದು ಎಂದು ಅವಳು ಬರೆದಾಗ ಕ್ಲಾಸೆಲ್ಲ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಖುಷಿ ಮೊದಲು ಬಂತು ರೇಣುಕಾ, ಭಯ ಆಮೇಲೆ.

‘ಯಾರು ಹೇಳಿಕೊಟ್ರು?’

‘ನಮ್ಮವ್ವ ರೀ. ರೇಣುಕಾ ಅಂತ, ಇದ ಕಾಲೇಜಿನಾಗ ಓದ್ಯಾಳ್ರಿ. ಆದ್ರ ಇದು ಆಕಿದಲ್ಲಂತ್ರಿ, ಆಕಿ ಗೆಳತಿ ಬಿಡಿಸಿದ್ದಂತ. ಭಾಳ ಶ್ಯಾಣ್ಯಾಕಿ ಇದ್ಲಂತ್ರಿ.’

ನನ್ನ ಸುಳ್ಳನ್ನು ನೀನು ಇಷ್ಟು ವರ್ಷ ನಿನ್ನ ಮನೆಯಲ್ಲಿ ಸಾಕಿದ್ದೀಯೆ. ಹೊಟ್ಟೆಯ ಮಗಳಿಗೂ ನಿಜ ಹೇಳಿಲ್ಲ. ನಾನು ಅಲ್ಲೇ ಹೇಳಬಹುದಿತ್ತು — ಕ್ಲಾಸಿನ ಎದುರು, ಅದೇ ಬೋರ್ಡಿನ ಮುಂದೆ... ಮತ್ತೆ ಬಾಯಿ ಬಿಡಲಿಲ್ಲ.

ಭಾನುವಾರ ಅವಳು ಊರಿಗೆ ಬರುತ್ತಾಳಂತೆ. ಅದೇ ಹಡಗಲಿ ಬಸ್ಸಿಗೆ ನಾನೂ ಬರುತ್ತೇನೆ. ಸರ್ ನಿನಗಾಗಿ ಬಂದು ಕೂರಬೇಕಿದ್ದ ಚಾಪೆಯನ್ನು ನನಗೆ ಹಾಸಬೇಡ. ನಿಂತೇ ಹೇಳುತ್ತೇನೆ, ನಿನ್ನ ಗಂಡನಿಗೆ, ನಿನ್ನ ಮಗಳಿಗೆ: ‘ಆ ಲೆಕ್ಕ ರೇಣುಕಾಂದು.’