ಹತ್ತುಸಾವಿರದ ಏಳು ಸುತ್ತು

ಹಲ್ಲುಚಕ್ರ ಕೊರೆಯುವ ನಮ್ಮ ಕಾರ್ಖಾನೆಯಲ್ಲಿ ನಾನು ಆರ್ಡರ್ ಬರೆದುಕೊಳ್ಳುವವನು. ಕೆಲಸ ಗೊತ್ತಿದ್ದು ಸೇರಿದವನಲ್ಲ, ಮಾವನ ಶಿಫಾರಸಿನಿಂದ ಸೇರಿದವನು. ಮಾವ ಅಂದರೆ ಅಮ್ಮನ ತಮ್ಮ. ಮೂವತ್ತೊಂದು ವರ್ಷ ಒಂದೇ ಮೆಷಿನ್ ಮುಂದೆ ಬಗ್ಗಿ ಬೆನ್ನು ಬಿಲ್ಲಾಗಿತ್ತು. ಗಿರಾಕಿ ಹತ್ತುಸಾವಿರ ಅಂದರೆ ತಲೆ ಎತ್ತದೆಯೇ, "ಇಪ್ಪತ್ತೈದು, ನಲವತ್ತು, ಹತ್ತು. ಮೂರು ಜೋಡಿ ಚಕ್ರ ಸಾಕು" ಅನ್ನುತ್ತಿದ್ದರು. ಎಲ್ಲರೂ ಅವರನ್ನು ಕರೆಯುತ್ತಿದ್ದದ್ದೇ ಭಾಗಾಕಾರ ಅಂತ.

ತಂತಿ ಸುತ್ತುವ ಯಂತ್ರ ಮಾಡುವ ಗಿರಾಕಿಯೊಬ್ಬರು ಬಂದರು. "ಸುಮಾರು ಹತ್ತುಸಾವಿರ ಸುತ್ತಿಗೊಮ್ಮೆ ಗಂಟೆ ಹೊಡೀಬೇಕು. ನಿಖರ ಸಂಖ್ಯೆ ನೀವೇ ಹೇಳಿ, ಮಿಕ್ಕಿದ್ದನ್ನ ಅದಕ್ಕೆ ಹೊಂದಿಸ್ಕೋತೀವಿ."

ನಾನು ಮಹಾ ಪಂಡಿತ! ಬರೀ ಸೊನ್ನೆಗಳ ಸಾಲು ಸೋಮಾರಿತನದ ಹಾಗೆ ಕಂಡಿತು. 10,007 ಅಂತ ಬರೆದು, ಬಾಲ ಎಳೆದು ಸಹಿ ಹಾಕಿದೆ.

ಕಾಗದ ಮಾವನ ಕೈಗೆ ಬರುವ ಹೊತ್ತಿಗೆ ಗಿರಾಕಿ ಉಳಿದ ಯಂತ್ರವನ್ನೆಲ್ಲ ಆ ಸಂಖ್ಯೆಗೇ ಕಟ್ಟಿ ಮುಗಿಸಿದ್ದರು.

"ಇದನ್ನ ಬರೆದೋನು ಯಾರೋ?"

"ನಾನೇ ಮಾವ. ಚೆನ್ನಾಗಿ ಕಾಣ್ತು."

"ಅಂಗಿ ಬಟ್ಟೆ ಆರಿಸೋಕೆ ಹೋಗಿದ್ಯೇನೋ?"

ಇನ್ನೂರು ಹಲ್ಲಿಗಿಂತ ದೊಡ್ಡ ಚಕ್ರ ನಮ್ಮ ಮೆಷಿನ್ನಿನಲ್ಲಿ ಹಿಡಿಯುವುದಿಲ್ಲ. ಹಾಗಾಗಿ ಸಂಖ್ಯೆಯನ್ನು, ಗುಣಿಸಿದರೆ ಅದೇ ಬರುವ ಸಣ್ಣ ಸಂಖ್ಯೆಗಳಾಗಿ ಒಡೆಯಲೇಬೇಕು. ಮಾವ ಪೊಟ್ಟಣದ ಕಾಗದ ಹರಡಿಕೊಂಡು ಕೂತರು. ಎರಡು, ಮೂರು, ಐದು, ಏಳು. "ನೂರರವರೆಗೆ ನೋಡಿದ್ರೆ ಸಾಕು. ಅದರಾಚೆ ದೊಡ್ಡದೊಂದು ಭಾಗಿಸೋದಿದ್ರೆ, ಅದರ ಜೊತೆಗಾರ ನೂರರೊಳಗೇ ಸಿಕ್ಕಿಬೀಳ್ಬೇಕು." ಯಾವನೂ ಸಿಕ್ಕಿಬೀಳಲಿಲ್ಲ. ಎಪ್ಪತ್ತಮೂರರ ಹತ್ತಿರ ಆರು ಉಳಿಯಿತು. ನಲವತ್ತೊಂದಕ್ಕೆ ಮೂರು. ಕಾಗದ ತಿರುಗಿಸಿ ಮತ್ತೆ ಮೊದಲಿಂದ ಶುರು ಮಾಡಿದರು. ಊಟದ ಡಬ್ಬಿ ಹಾಗೇ ಮುಚ್ಚಿತ್ತು.

ಧಣಿ ಬಾಗಿಲಲ್ಲಿ ನಿಂತು ಹೇಳಿದರು: "ಶನಿವಾರದೊಳಗೆ ಆಗದಿದ್ರೆ ಭಾಗಾಕಾರ ಮನೇಲಿರಲಿ. ಕಣ್ಣೂ ಮಂಜಾಗಿದೆಯಂತಲ್ಲ."

"ತಪ್ಪು ನನ್ನದು ಧಣಿ" ಎಂದೆ. ಎದೆ ಸೆಟೆಸಿ ಹೇಳಬೇಕೆಂದಿದ್ದೆ, ಬಂದದ್ದು ಬೆಕ್ಕಿನ ದನಿ.

"ನಿನ್ನ ಕರೆತಂದೋರು ಯಾರಪ್ಪ?"

ಶುಕ್ರವಾರ ಮಾವ ಮೇಜಿನ ಮೇಲೆ ಎರಡು ಜೋಡಿ ಚಕ್ರ ಇಟ್ಟರು. ಒಂದು ಎಪ್ಪತ್ತೆರಡರದು, ಇನ್ನೊಂದು ನೂರಮೂವತ್ತೊಂಬತ್ತರದು. ಎರಡನ್ನೂ ಗುಣಿಸಿದರೆ 10,008. ನನಗೆ ಜೀವ ಬಂದಂತಾಯಿತು.

"ಒಂದೇ ಸುತ್ತಲ್ವಾ ಮಾವ, ಯಾರಿಗೆ ಗೊತ್ತಾಗುತ್ತೆ?"

"ಅವರ ಯಂತ್ರಕ್ಕೆ ಗೊತ್ತಾಗುತ್ತೆ ಕಣೋ. ಗಂಟೆ ಹೊಡೆದಾಗೆಲ್ಲ ಒಂದೊಂದು ಸುತ್ತು ಸೇರಿ, ವಾರದಲ್ಲಿ ಗಂಟೆ ಎಲ್ಲೋ, ತಂತಿ ಎಲ್ಲೋ." ಬಹಳ ಹೊತ್ತು ಬೆರಳಿಂದ ಚಕ್ರ ತಿರುಗಿಸುತ್ತಿದ್ದರು. ಒಪ್ಪಿಕೊಳ್ಳುತ್ತಾರೆ ಅಂದುಕೊಂಡೆ. ಎರಡನ್ನೂ ಎತ್ತಿ ಗುಜರಿ ಡಬ್ಬಕ್ಕೆ ಹಾಕಿದರು.

ಶನಿವಾರ ಧಣಿಯ ಮುಂದೆ ಹೇಳಿದ್ದು ಒಂದೇ ಮಾತು: "ಇದು ಒಡೆಯಲ್ಲ." ಅಳತೆಪಟ್ಟಿಯನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಹೊರಟರು. ನಾನು ನಿಲ್ದಾಣದವರೆಗೆ ಹಿಂದೆಯೇ ನಡೆದೆ.

ಬಸ್ಸು ಕಂಡಾಗ ತಿರುಗಿ ನೋಡಿದರು. "ತೊಂಬತ್ತೇಳನ್ನ ಇನ್ನೊಂದ್ಸಲ ನೋಡೋ. ಕಣ್ಣು ಮಂಜು, ಅಲ್ಲೆಲ್ಲಾದ್ರೂ ತಪ್ಪಿರ್ತೀನಿ."

ಫುಟ್‌ಪಾತಿನಲ್ಲೇ ಕೂತು ಭಾಗಿಸಿದೆ. ನೂರಮೂರು ಸಲ ಹೋಗಿ ಹದಿನಾರು ಉಳಿಯಿತು. ಕಾಗದ ತೋರಿಸೋಣವೆಂದು ತಲೆ ಎತ್ತಿದೆ. ಬಸ್ಸು ಹೋಗಿತ್ತು. ಅವರು ಒಮ್ಮೆಯೂ ತಪ್ಪಿರಲಿಲ್ಲ.