ಮುಳ್ಳು ಇಳಿದ ಮೇಲೆ

ಏರಿಯಲ್ ಅಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಗುಡ್ಡ ಹತ್ತುವ ಜೀಪುಗಳಿಗೆ ರೇಡಿಯೋ ಕೂರಿಸುವುದು ಅವಳ ಕಸುಬು. ಏರಿಯಲ್ ಕಡ್ಡಿಯ ಉದ್ದ ಸರಿಹೋದರೆ ಮೀಟರಿನ ಮುಳ್ಳು ಇಳಿಯುತ್ತದೆ. ಆದರೆ ಹತ್ತಿರ ಯಾರಾದರೂ ನಿಂತಿದ್ದರೆ ಅದೇ ಮುಳ್ಳು ಸುಳ್ಳು ಹೇಳುತ್ತದೆ. ಹಾಗಾಗಿ ಆ ಹೊತ್ತಿನಲ್ಲಿ ಅವಳು ಸುತ್ತ ನರಪಿಳ್ಳೆಯನ್ನೂ ಸುಳಿಯಗೊಡುತ್ತಿರಲಿಲ್ಲ.

ಆ ದಿನ ಎಷ್ಟು ತಿಣುಕಿದರೂ ಮುಳ್ಳು ಇಳಿಯಲಿಲ್ಲ. ಕಡ್ಡಿಯನ್ನು ಚೂರು ಕತ್ತರಿಸೋಣವೆಂದು ಕಟಿಂಗ್ ಪ್ಲೇಯರ್ ಹಿಡಿದು ಜೀಪಿನಿಂದ ಇಳಿದರೆ, ಹಿಂದೆ ಗಂಡ ನಿಂತಿದ್ದಾನೆ. ಲಾರಿ ಓಡಿಸುವುದನ್ನು ಬಿಟ್ಟು ಮನೆಯಲ್ಲೇ ಇರುವ ಮನುಷ್ಯ, ಏರಿಯಲ್ ಬುಡಕ್ಕೇ ಬೆನ್ನು ಕೊಟ್ಟಿದ್ದ.

"ನಿಮಗೆ ನಿಲ್ಲೋಕೆ ಬೇರೆ ಜಾಗ ಸಿಗಲಿಲ್ವಾ? ಚೆನ್ನಾಗಿರೋ ಕಡ್ಡೀನ ಸುಮ್ನೆ ಕತ್ತರಿಸಿಬಿಡ್ತಿದ್ದೆ."

"ಹೂಂ," ಎಂದ. ಮನೆಯಲ್ಲಿ ಅವನ ಮಾತು ಅಷ್ಟೇ.

ಅವನು ಸರಿದದ್ದೇ ತಡ, ಮುಳ್ಳು ತಣ್ಣಗೆ ಕೆಳಗೆ ಕೂತಿತು. ಇನ್ನು ಮಾತಾಡಿ ನೋಡುವುದಷ್ಟೇ ಬಾಕಿ. ಕೈ ರೇಡಿಯೋ ಕೊಟ್ಟು ಅವನನ್ನು ಬೀದಿಯ ಕೊನೆಗೆ ಅಟ್ಟಿದಳು.

"ಕೇಳಿಸ್ತಿದೆಯಾ?"

"ಚೆನ್ನಾಗಿ ಕೇಳಿಸ್ತಿದೆ," ಎಂದ. ಲಾರಿಯಲ್ಲಿದ್ದಾಗ ಬೇರೆ ಚಾಲಕರ ಜೊತೆ ರೇಡಿಯೋದಲ್ಲಿ ಗಂಟೆಗಟ್ಟಲೆ ಹರಟುತ್ತಿದ್ದ ದನಿ ಅದು. "ಮೂಲೆ ಮನೆಯೋರು ಬಾಗಿಲಿಗೆ ಹಸಿರು ಬಣ್ಣ ಹೊಡೀತಿದಾರೆ. ಒಳಗೆ ಒಬ್ಬನೇ ಕೂತ್ರೆ ಹೊತ್ತೇ ಹೋಗಲ್ಲ ಕಣೆ. ನಿನ್ನ ಹತ್ರ ಇದ್ರೆ ಏನೋ ಒಂಥರಾ ಸಮಾಧಾನ. ಅದಕ್ಕೇ ಬಂದು ನಿಂತಿದ್ದೆ."

ಎದುರಿಗೆ ಕೂತು ಹೇಳಿದಷ್ಟು ಸ್ಪಷ್ಟವಾಗಿತ್ತು. ಅಕ್ಕ ಮಾತಾಡುವ ಗುಂಡಿ ಒತ್ತಿದಳು.

"ಯಾಕೋ ಸರಿಯಾಗಿ ಕೇಳಿಸಲಿಲ್ಲ ರೀ. ಇನ್ನೊಂದ್ಸಲ ಹೇಳಿ."