ಲಗೂ ಕರಗುವ ಊಟ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಆದರೆ ಆ ಓದು ಮನೆಗೆ ಮೊದಲು ಏನು ತಂದಿತು ಎಂದು ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಚಿಕ್ಕೋಡಿಯಲ್ಲಿ ಬಿ.ಎಸ್ಸಿ. ಎರಡನೆಯ ವರ್ಷ. ಪ್ರಕೃತಿ ಚಿಕಿತ್ಸೆಯವರೊಬ್ಬರು ಕಾಲೇಜಿಗೆ ಬಂದು ಎರಡು ತಾಸು ಭಾಷಣ ಮಾಡಿದರು. ಹಣ್ಣು ಅರ್ಧ ತಾಸಿನಲ್ಲಿ ಕರಗುತ್ತದೆ, ರೊಟ್ಟಿಗೆ ಮೂರು ತಾಸು, ಬೇಳೆಕಾಳಿಗೆ ನಾಲ್ಕು. ರೊಟ್ಟಿ ಮತ್ತು ಕಾಳು ಕೂಡಿದರೆ ಎರಡೂ ಕೆಡುತ್ತವೆ. ಮುಂಜಾನೆ ಹಣ್ಣಷ್ಟೇ ತಿನ್ನಬೇಕು. ಒಂದಕ್ಷರ ಬಿಡದೆ ಬರೆದುಕೊಂಡೆ. ಅಪ್ಪನಿಗೆ ವರ್ಷದಿಂದ ಎದೆ ಉರಿ ಇತ್ತು.

ಅಪ್ಪ, ಅವ್ವ ಏಕಸಂಬಿಯ ಕಡೆ ಕಬ್ಬು ಕಡಿಯುವ ಗ್ಯಾಂಗಿನಲ್ಲಿದ್ದರು. ಅಲ್ಲಿ ಒಂಟಿ ಆಳಿಗೆ ಜಾಗವಿಲ್ಲ, ಜೋಡಿಯೇ ಬೇಕು. ಗಂಡ ಕಡಿಯಬೇಕು, ಹೆಂಡತಿ ಸೋಗೆ ಸವರಿ ಕಟ್ಟಬೇಕು. ನಸುಕಿನಲ್ಲಿ ದಪ್ಪ ಜೋಳದ ರೊಟ್ಟಿ, ಕಡಲೆಹಿಟ್ಟಿನ ಜುಣಕ ತಿಂದು ಹೋದರೆ ಹೊತ್ತು ನೆತ್ತಿಗೆ ಬರುವವರೆಗೆ ಅಪ್ಪನ ಕೈಯ ಕಬ್ಬಿನ ಕತ್ತಿ, ಆ ಕೊಯ್ತಾ, ನಿಲ್ಲುತ್ತಿರಲಿಲ್ಲ.

ರಜೆಗೆ ಬಂದವನೇ ಹೇಳಿದೆ. "ರೊಟ್ಟಿ ಜುಣಕ ಕೂಡಿಸಿ ತಿನ್ನೂದ ನಿನ್ನ ಬ್ಯಾನಿ, ಅಪ್ಪಾ. ಮುಂಜಾನೆ ಪಪ್ಪಾಯಿ, ಪೇರಲ ತಿನ್ನು. ಅರ್ಧ ತಾಸಿಗೆ ಕರಗತೈತಿ."

ಅವ್ವ ಹಿಟ್ಟು ನಾದುತ್ತಲೇ ಇದ್ದಳು. "ಲಗೂ ಕರಗೂದು ಊಟ ಹೆಂಗಾದೀತೋ? ಊಟ ಅಂದ್ರ ಹೊಟ್ಟ್ಯಾಗ ನಿಂದ್ರಬೇಕು."

"ನಿನಗೇನ್ ತಿಳೀತೈತಿ ಬೇ," ಎಂದೆ.

ಅಪ್ಪ ಅವಳಿಗೆ, "ಸುಮ್ನಿರ. ಹುಡುಗ ಕಾಲೇಜ್ ಕಲಿಯಾಕತ್ತಾನ," ಎಂದ.

ಯಾವಾಗ ಏನು ತಿನ್ನಬೇಕೆಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿ ನಾನು ಚಿಕ್ಕೋಡಿಗೆ ಹೋದೆ. ಮುಂದಿನದು ಅವ್ವ ಹೇಳಿದ್ದು. ಎರಡು ದಿನ ಗ್ಯಾಂಗಿನವರು ನಗಾಡಿದರು. "ಕಾಕಾ, ಹಣ್ಣ ತಿಂದ್ ಬಂದೀಯಂತ? ಬಾಲ ಯಾವಾಗ ಬರತೈತಿ?" ಅಪ್ಪನೂ ನಕ್ಕು, "ನಿಮ್ಮ ಮನ್ಯಾಗ ಸೈನ್ಸ್ ಓದಿದವರು ಯಾರದಾರಲೇ?" ಎಂದನಂತೆ. ಮೂರನೆಯ ದಿನ ಹತ್ತು ಗಂಟೆಗೇ ಕಣ್ಣಿಗೆ ಕತ್ತಲೆ ಬಂತು. ಕಬ್ಬಿನ ಬುಡಕ್ಕೆ ಬೀಸಿದ ಕೊಯ್ತಾ ಅವನ ಎಡಗಾಲಿಗೆ ಬಿತ್ತು. ನರ ತುಂಡಾಗಿತ್ತು.

ಸಂಜೆ ಗ್ಯಾಂಗಿನ ಮುಕಾದಮ ಬಾಗಿಲಲ್ಲೇ ನಿಂತು, "ಹಂಗಾಮು ನಡದೈತ್ರಿ ವೈನಿ, ಬ್ಯಾರೆ ಜೋಡಿ ನೋಡ್ಕೋತೇನಿ," ಎಂದು ಹೇಳಿ ಹೋದ. ಅವ್ವನ ಕೈಕಾಲು ಗಟ್ಟಿಯಿದ್ದವು. ಆದರೂ ಅವಳ ಕೆಲಸವೂ ಹೋಯಿತು.

ಭಾಷಣದವರನ್ನು ಬೈಯಬಹುದಿತ್ತು, ಬಹಳ ದಿನ ಬೈದೆ ಕೂಡ. ಆದರೆ ಅವರು ನಮ್ಮಪ್ಪ ಕಬ್ಬು ಕಡಿಯುವುದನ್ನು ನೋಡಿರಲಿಲ್ಲ. ನಾನು ನೋಡಿದ್ದೆ.

ಗಾಯ ಮಾಯ್ದರೂ ಆ ಕಾಲಿನ ಮೇಲೆ ಭಾರ ಹಾಕಿ ಬಗ್ಗಲು ಅವನಿಗೆ ಆಗಲಿಲ್ಲ. ಗೋಡೆಯ ಮೇಲಿನ ಪಟ್ಟಿಯನ್ನು ನಾನು ಕೀಳಲು ಹೋದರೆ ಬಿಡಲೂ ಇಲ್ಲ. ನಾನು ಡಿಗ್ರಿ ಪಾಸಾದ ದಿನ ನೆಂಟರು ಬಂದಿದ್ದರು. ಅಪ್ಪ ಗೋಡೆಗೆ ಒರಗಿ ಪಪ್ಪಾಯಿ ತಿನ್ನುತ್ತ ಪಟ್ಟಿ ತೋರಿಸಿದ. "ನನ್ನ ಮಗ ಬರದದ್ದು. ಹಿಂಗ ತಿಂತೇನಿ. ಮನ್ಯಾಗ ಕುಂತಾವಗ ಲಗೂ ಕರಗಿದ್ರೂ ನಡೀತೈತಿ."

ಅದರಲ್ಲಿ ಚುಚ್ಚುಮಾತು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.